ದಿನಕ್ಕೆ ಐದು ನಿಮಿಷ

ಆಗಸ್ಟ್ ಮೂರನೇ ವಾರದಲ್ಲಿ ಹೆಲ್ಸಿಂಕಿ ಹೊರನೋಟಕ್ಕೆ ಇನ್ನೂ ಬೇಸಿಗೆಯಲ್ಲೇ ಇರುತ್ತದೆ. ಬರ್ಚ್ ಮರದ ಯಾವುದೋ ಒಂದು ಕೊಂಬೆಯಲ್ಲಿ ನಾಲ್ಕೆಲೆ ಹಳದಿ ತಿರುಗಿರಬಹುದು, ಅಷ್ಟೇ. ಆದರೆ ಅಷ್ಟು ಹೊತ್ತಿಗೆ ಅಲ್ಲಿ ಹಗಲು ದಿನಕ್ಕೆ ಐದು ನಿಮಿಷಕ್ಕೂ ಹೆಚ್ಚು ಕರಗುತ್ತಿರುತ್ತದೆ. ಒಂದು ವಾರ ಕಳೆದರೆ ಅರ್ಧ ಗಂಟೆಗೂ ಮಿಕ್ಕಿ ಬೆಳಕು ಮಾಯ.

ಬೆಂಗಳೂರಿನಲ್ಲಿ ಕೂತು ಈ ವೇಗವನ್ನು ಊಹಿಸುವುದು ಕಷ್ಟ. ನಮ್ಮಲ್ಲಿ ಬೇಸಿಗೆಗೂ ಶರತ್ಕಾಲಕ್ಕೂ ನಡುವೆ ಇಡೀ ಮುಂಗಾರು ಇದೆ. ಹಗಲು ಕುಗ್ಗುವುದನ್ನು ಗಮನಿಸುವವರಾರು? ಅದು ಅತಿ ವೇಗವಾಗಿ ಕುಗ್ಗುವ ಸೆಪ್ಟೆಂಬರಿನಲ್ಲೂ ದಿನಕ್ಕೆ ಮುಕ್ಕಾಲು ನಿಮಿಷ ದಾಟುವುದಿಲ್ಲ. ಜೂನ್‌ನ ಅತಿ ದೀರ್ಘ ಹಗಲಿಗೂ ಡಿಸೆಂಬರಿನ ಅತಿ ಕಿರಿದಾದ ಹಗಲಿಗೂ ಇಲ್ಲಿರುವ ಅಂತರ ಸುಮಾರು ಒಂದೂವರೆ ಗಂಟೆ. ನಾವು ಆರು ತಿಂಗಳಲ್ಲಿ ಕಳೆದುಕೊಳ್ಳುವಷ್ಟು ಬೆಳಕನ್ನು ಹೆಲ್ಸಿಂಕಿ ಹದಿನೇಳು-ಹದಿನೆಂಟು ದಿನಗಳಲ್ಲಿ ಕಳೆದುಕೊಂಡು ಮುಗಿಸುತ್ತದೆ. ಇನ್ನೂ ಉತ್ತರಕ್ಕೆ, ಫಿನ್ಲೆಂಡಿನ ತುತ್ತತುದಿಯ ಉತ್ಸ್ಯೋಕಿಯಲ್ಲಿ ಜುಲೈ ಕೊನೆಯವರೆಗೂ ಸೂರ್ಯ ಮುಳುಗುವುದೇ ಇಲ್ಲ. ಅಲ್ಲಿಂದ ಎರಡು ತಿಂಗಳು ತುಂಬುವಷ್ಟರಲ್ಲಿ ಹಗಲು ಇಪ್ಪತ್ನಾಲ್ಕು ಗಂಟೆಯಿಂದ ಹನ್ನೆರಡಕ್ಕೆ ಇಳಿದಿರುತ್ತದೆ.

ಇದೆಲ್ಲ 23.4 ಡಿಗ್ರಿ ವಾಲಿಕೆಯ ಆಟ. ಭೂಮಿ ಆ ವಾಲಿಕೆಯನ್ನು ಬದಲಿಸದೆ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ಓಡುತ್ತಿದೆ. ಹೆಲ್ಸಿಂಕಿಯ ಆ ಐದು ನಿಮಿಷ ಕಳೆಯಲು ಅದು ಸೂರ್ಯನ ಸುತ್ತ 25 ಲಕ್ಷ ಕಿಲೋಮೀಟರಿಗೂ ಹೆಚ್ಚು ಸಾಗಬೇಕು. ಜೂನ್‌ನಿಂದ ಸೆಪ್ಟೆಂಬರಿನ ಸಮರಾತ್ರಿಯವರೆಗಿನ ಹಾದಿ ಸುಮಾರು 24 ಕೋಟಿ ಕಿಲೋಮೀಟರ್. ಇಷ್ಟು ದೂರ ಹೋದ ಸುದ್ದಿ ನಮಗೆ ಮುಟ್ಟುವುದು ಆ ನಾಲ್ಕು ಹಳದಿ ಎಲೆಗಳ ಮೂಲಕ!

ಆಗಸ್ಟಿನಲ್ಲಿ ಸ್ವಿಫ್ಟ್ ಹಕ್ಕಿಗಳ ಕಿರುಚಾಟವೂ ನಿಂತುಹೋಗುತ್ತದೆ. ಆಗಲೇ ಆಫ್ರಿಕಾದ ದಾರಿ ಹಿಡಿದಿರುತ್ತವೆ. ಸುಮಾರು ನಲವತ್ತು ಗ್ರಾಂ ತೂಗುವ ಈ ಹಕ್ಕಿಗಳಿಗೆ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು ಪುಟ್ಟ ಉಪಕರಣ ಕಟ್ಟಿ ನೋಡಿದರು. ಕೆಲವು ಹಕ್ಕಿಗಳು ಹತ್ತು ತಿಂಗಳು ಒಮ್ಮೆಯೂ ನೆಲಕ್ಕಿಳಿದಿರಲಿಲ್ಲವೆಂದು 2016ರಲ್ಲಿ ವರದಿ ಮಾಡಿದರು.

ನನಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಾಣುವ ಕುರುಹು ಫಿನ್ಲೆಂಡಿನಲ್ಲಿ ಇಲ್ಲ, ಹವಾಯಿಯಲ್ಲಿದೆ. ಮೌನಾ ಲೋವಾ ಜ್ವಾಲಾಮುಖಿಯ ಮೇಲೆ, ಸುಮಾರು 3,400 ಮೀಟರ್ ಎತ್ತರದಲ್ಲಿ, ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಅಳೆಯಲು ಆರಂಭಿಸಿದರು. ಸಮುದ್ರದ ನಡುವಿನ ಆ ದ್ವೀಪದಲ್ಲೂ ಸಾವಿರಾರು ಕಿಲೋಮೀಟರ್ ಆಚೆಯ ಕಾಡುಗಳ ಉಸಿರು ಸಿಕ್ಕಿಬಿದ್ದಿತು. ಉತ್ತರಾರ್ಧ ಗೋಳದಲ್ಲಿ ನೆಲ ಹೆಚ್ಚು, ಗಿಡಮರವೂ ಹೆಚ್ಚು. ಬೇಸಿಗೆಯುದ್ದಕ್ಕೂ ಅವು ಅನಿಲವನ್ನು ಹೀರಿಕೊಳ್ಳುವುದರಿಂದ ಮೇ ತಿಂಗಳಿನ ಶಿಖರದಿಂದ ಅಳತೆ ಇಳಿಯುತ್ತ ಹೋಗಿ ಸೆಪ್ಟೆಂಬರ್ ಕೊನೆಯ ಹೊತ್ತಿಗೆ ತಳ ಮುಟ್ಟುತ್ತದೆ. ಇಳಿಕೆ ಹತ್ತು ಲಕ್ಷಕ್ಕೆ ಆರು ಭಾಗದಷ್ಟು. ಆಮೇಲೆ ಎಲೆಗಳ ದುಡಿಮೆ ಸೋಲುತ್ತದೆ, ಕೊಳೆಯುವಿಕೆ ಗೆಲ್ಲುತ್ತದೆ, ರೇಖೆ ಮತ್ತೆ ಮೇಲೇರುತ್ತದೆ. ಅರ್ಧ ಭೂಮಿಯ ಶರತ್ಕಾಲ ಒಂದೇ ಗೀಟಿನ ತಿರುವಿನಲ್ಲಿ!

ಆ ತಳವೂ ಇದ್ದಲ್ಲಿ ಇಲ್ಲ. ಕೀಲಿಂಗ್ ಅಳತೆ ಶುರುಮಾಡಿದಾಗ ಹತ್ತು ಲಕ್ಷಕ್ಕೆ ಸುಮಾರು 315 ಇದ್ದ ಪ್ರಮಾಣ, 2016ರ ಸೆಪ್ಟೆಂಬರಿನಲ್ಲಿ, ಅಂದರೆ ಇಡೀ ಬೇಸಿಗೆ ಕಾಡುಗಳು ಹೀರಿದ ಮೇಲೂ, 400ಕ್ಕಿಂತ ಕೆಳಗೆ ಇಳಿಯಲಿಲ್ಲ.