ಆಗಿಹೋದದ್ದನ್ನು ಇಂಗ್ಲಿಷಿನಲ್ಲಿ ಊಹಿಸುವ ಬಗೆ

ಬಸ್ಸು ತಪ್ಪಿಹೋಗಿದೆ. 'ಐ ಶುಡ್ ಹ್ಯಾವ್ ಲೆಫ್ಟ್ ಅರ್ಲಿ' ಎಂದರೆ ಬೇಗ ಹೊರಡಬೇಕಿತ್ತು, ಹೊರಡಲಿಲ್ಲ ಎಂಬ ಕೊರಗು. 'ಶುಡ್' ಜಾಗಕ್ಕೆ 'ಕುಡ್' ಬಂದರೆ, ಅವಕಾಶವಿತ್ತು, ಬಳಸಿಕೊಳ್ಳಲಿಲ್ಲ ಎಂದಾಗುತ್ತದೆ.

ರಚನೆ ಸರಳ: ಮೊದಲು 'ಶುಡ್', 'ಕುಡ್'ನಂಥ ಮೋಡಲ್ ಕ್ರಿಯಾಪದ, ಆಮೇಲೆ 'ಹ್ಯಾವ್', ಕೊನೆಗೆ ಶಾಲೆಯಲ್ಲಿ 'ಗೋ, ವೆಂಟ್, ಗಾನ್' ಎಂದು ಬಾಯಿಪಾಠ ಮಾಡಿಸುವಾಗಿನ ಮೂರನೆಯ ರೂಪ. ಎಡವುವುದು ನಡುವಿನ ಪದದಲ್ಲೇ. 'ಶಿ ಹ್ಯಾಸ್ ಗಾನ್' ಸರಿ. ಆದರೆ 'ಮಸ್ಟ್' ಸೇರಿದೊಡನೆ 'ಶಿ ಮಸ್ಟ್ ಹ್ಯಾವ್ ಗಾನ್' ಎಂದೇ ಆಗಬೇಕು. ಮೋಡಲ್ ಆದ ಮೇಲೆ 'ಹ್ಯಾಸ್', 'ಹ್ಯಾಡ್'ಗಳಿಗೆ ಜಾಗವಿಲ್ಲ.

ಈ ರಚನೆಯ ನಿಜವಾದ ಸೊಗಸು ಇರುವುದು ಊಹೆಯಲ್ಲಿ. ಬೆಳಿಗ್ಗೆ ಎದ್ದು ನೋಡಿದರೆ ಅಂಗಳ, ಮರ, ಎದುರುಮನೆಯ ಛಾವಣಿ ಎಲ್ಲವೂ ಒದ್ದೆ. ಮಳೆ ಬಿದ್ದದ್ದನ್ನು ಯಾರೂ ನೋಡಿಲ್ಲ, ಆದರೂ ಅನುಮಾನವಿಲ್ಲ: 'ಇಟ್ ಮಸ್ಟ್ ಹ್ಯಾವ್ ರೈನ್ಡ್'. ಅಂಗಳದ ಒಂದು ಮೂಲೆ ಮಾತ್ರ ಒದ್ದೆಯಾಗಿದ್ದರೆ 'ಮೈಟ್ ಹ್ಯಾವ್' ಸಾಕು. ನೆಲ ಪೂರ್ತಿ ಒಣಗಿದ್ದರೆ 'ಇಟ್ ಕಾಂಟ್ ಹ್ಯಾವ್ ರೈನ್ಡ್'. ಖಚಿತ ಊಹೆಯ ನಿಷೇಧಕ್ಕೆ ಸಾಮಾನ್ಯವಾಗಿ ಬರುವುದು 'ಮಸಂಟ್' ಅಲ್ಲ, 'ಕಾಂಟ್' ಎಂಬುದನ್ನು ಕಲಿಯುವವರು ವಿಶೇಷವಾಗಿ ಗಮನಿಸಬೇಕು.

ಇನ್ನೊಂದು ಸೂಕ್ಷ್ಮವಿದೆ. 'ಯು ನೀಡಂಟ್ ಹ್ಯಾವ್ ಕುಕ್ಡ್' ಎಂದರೆ ಅಡುಗೆ ಆಗಿಹೋಗಿದೆ, ಅದರ ಅಗತ್ಯವಿರಲಿಲ್ಲ. 'ಯು ಡಿಡಂಟ್ ನೀಡ್ ಟು ಕುಕ್' ಎಂದಾಗ ಅಡುಗೆ ಮಾಡಿದರೋ ಇಲ್ಲವೋ ತಿಳಿಯದು.

ಇಂಗ್ಲಿಷೇ ಮನೆಮಾತಾದವರೂ ಇಲ್ಲಿ ತಪ್ಪುತ್ತಾರೆ. ಮಾತಿನ ವೇಗದಲ್ಲಿ 'ಶುಡ್ ಹ್ಯಾವ್' ಎಂಬುದು 'ಶುಡವ್' ಆಗುತ್ತದೆ. ಕೇಳಿದಂತೆಯೇ ಬರೆಯಹೋಗಿ 'ಶುಡ್ ಆಫ್' ಎಂದು ಬರೆದುಬಿಡುತ್ತಾರೆ.