ಸಾವಯವ ಅಕ್ಕಿಗೆ ಗ್ಯಾರಂಟಿ ಕೊಡುವವರು ಯಾರು? ಕಂಪ್ಲಿಯ ಗದ್ದೆ ಬದುವಿನ ಮೇಲೆ ನಿಂತು ನೋಡೋಣ

'ಸರ್ಟಿಫೈಡ್ ಆರ್ಗ್ಯಾನಿಕ್ ಅಂದರೆ ಪ್ರತಿ ಚೀಲವನ್ನೂ ಲ್ಯಾಬ್‌ನಲ್ಲಿ ಟೆಸ್ಟ್ ಮಾಡಿರುತ್ತಾರೆ. ಹಣ್ಣಿನ ಸ್ಟಿಕರ್ ನಂಬರ್ 9ರಿಂದ ಶುರುವಾದರೆ ಕಣ್ಣು ಮುಚ್ಚಿ ತಗೊಳ್ಳಿ. ಹುಳ ಬಿದ್ದ ಅಕ್ಕಿಯೇ ಅಸಲಿ ಸಾವಯವ.' ಇಂಥ ಮೆಸೇಜು ನಿಮ್ಮ ಫ್ಯಾಮಿಲಿ ಗ್ರೂಪಿಗೂ ಒಂದಲ್ಲ ಒಂದು ಸಲ ಬಂದಿರುತ್ತದೆ.

ಸುಲಭದ್ದನ್ನು ಮೊದಲು ಮುಗಿಸೋಣ. ಅಕ್ಕಿಗೆ ಹುಳ ಬೀಳುವುದು ಅದನ್ನು ಇಟ್ಟ ರೀತಿಯಿಂದ. ತೇವ ಇದ್ದು ಡಬ್ಬಿ ಸರಿಯಾಗಿ ಮುಚ್ಚದಿದ್ದರೆ ಯಾವ ಅಕ್ಕಿಗಾದರೂ ಬೀಳುತ್ತದೆ. ಬೆಳೆಯುವಾಗ ಗದ್ದೆಗೆ ಏನು ಹಾಕಿದ್ದರು ಎಂಬುದನ್ನು ಹುಳ ಹೇಳಲಾರದು. ಹಣ್ಣಿನ ಸ್ಟಿಕರ್ ಮೇಲಿನ ನಂಬರು ಸೂಪರ್‌ಮಾರ್ಕೆಟ್‌ನವರು ಬಿಲ್ ಮಾಡಲು ಮಾಡಿಕೊಂಡ ಅಂತರರಾಷ್ಟ್ರೀಯ ಕೋಡ್. ಅದರಲ್ಲಿ 9ರಿಂದ ಶುರುವಾಗುವ ಐದಂಕಿ ಸಾವಯವಕ್ಕೆ ಎಂದು ಇರುವುದು ನಿಜ. ಆದರೆ ಅದನ್ನು ಬಳಸುವುದು ಕಡ್ಡಾಯವಲ್ಲ, ಅದು ಪ್ರಮಾಣಪತ್ರವೂ ಅಲ್ಲ. ತಳ್ಳುಗಾಡಿಯ ಸೇಬಿನ ಮೇಲೆ ಸ್ಟಿಕರ್ ಅಂಟಿಸಿದವರು ಯಾರೋ, ಯಾರಿಗೆ ಗೊತ್ತು? ಇನ್ನು ನಮ್ಮ ಕಡೆ 'ಜವಾರಿ' ಎಂದರೆ ಸಾವಯವ ಎಂದು ಎಷ್ಟೋ ಜನ ತಿಳಿದಿದ್ದಾರೆ. ಜವಾರಿ ಎಂಬುದು ತಳಿಯ ಮಾತು. ಜವಾರಿ ಬದನೆಗೂ ಎಣ್ಣೆ ಹೊಡೆಯಬಹುದು.

ಲ್ಯಾಬ್ ಟೆಸ್ಟಿನ ಮಾತು ಮಾತ್ರ ಇಷ್ಟು ಬೇಗ ಮುಗಿಯುವುದಿಲ್ಲ. ಯಾಕೆಂದರೆ ಹೆಚ್ಚು ದುಡ್ಡು ಕೊಡುವ ನಾವು ಏನನ್ನು ಕೊಳ್ಳುತ್ತಿದ್ದೇವೆ ಎಂಬ ಪ್ರಶ್ನೆ ಇರುವುದೇ ಅಲ್ಲಿ.

ಪರೀಕ್ಷೆ ಕಾಳಿನದ್ದಲ್ಲ, ಕೆಲಸದ್ದು

ಸಾವಯವ ಪ್ರಮಾಣಪತ್ರ ಮುಖ್ಯವಾಗಿ ಹೇಳುವುದು 'ಈ ಹೊಲದಲ್ಲಿ ಇಷ್ಟು ಕಾಲ ಈ ನಿಯಮದಂತೆ ಬೇಸಾಯ ನಡೆದಿದೆ' ಎಂದು. ಅನುಮಾನ ಬಂದಾಗ, ರಿಸ್ಕ್ ಇದ್ದ ಕಡೆ ಮಾದರಿ ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಪ್ರತಿ ಚೀಲಕ್ಕೂ ಪರೀಕ್ಷೆ ಇಲ್ಲ. ಅಲ್ಲದೆ ಲ್ಯಾಬ್ ಹೇಳಬಲ್ಲದ್ದು ಕೆಲವು ಕೀಟನಾಶಕಗಳ ಉಳಿಕೆ ಇದೆಯೋ ಇಲ್ಲವೋ ಎಂಬುದನ್ನು. ಗದ್ದೆಗೆ ಯೂರಿಯಾ ಎರಚಿದ್ದರೆ ಅದು ಕೀಟನಾಶಕದ ಉಳಿಕೆಯಾಗಿ ರಿಪೋರ್ಟಿನಲ್ಲಿ ಕಾಣುವುದಿಲ್ಲ. ಅಂದಮೇಲೆ ಯಾರೋ ಒಬ್ಬರು ಗದ್ದೆಯನ್ನೇ ಕಣ್ಣಿಟ್ಟು ನೋಡಬೇಕು.

ಆ 'ಯಾರೋ ಒಬ್ಬರು' ಯಾರು ಎಂಬ ಪ್ರಶ್ನೆಗೆ ಭಾರತದಲ್ಲಿ ಎರಡು ಉತ್ತರಗಳಿವೆ. ಎರಡಕ್ಕೂ ಸರ್ಕಾರದ ಮಾನ್ಯತೆ ಇದೆ.

ಒಂದು, ಎನ್‌ಪಿಒಪಿ. ಅಂದರೆ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ. 2000ದ ಆಸುಪಾಸಿನಲ್ಲಿ ಬಂದ ಇದು ಕೇಂದ್ರ ವಾಣಿಜ್ಯ ಸಚಿವಾಲಯದ್ದು, ನೋಡಿಕೊಳ್ಳುವುದು ಅಪೆಡಾ. ರೈತನಿಗೂ ಗಿರಾಕಿಗೂ ಸಂಬಂಧ ಇಲ್ಲದ ಮೂರನೆಯ ಸಂಸ್ಥೆಯ ಇನ್‌ಸ್ಪೆಕ್ಟರ್ ಬಂದು ದಾಖಲೆ ನೋಡಿ, ಹೊಲ ಸುತ್ತಿ ವರದಿ ಬರೆಯುತ್ತಾರೆ. ಭತ್ತದಂಥ ಬೆಳೆಗೆ ಬಿತ್ತನೆಗೂ ಮುಂಚೆ ಕನಿಷ್ಠ 2 ವರ್ಷ ಪರಿವರ್ತನೆಯ ಅವಧಿ ಕಳೆದಿರಬೇಕು. ಹೊರದೇಶಕ್ಕೆ ಕಳಿಸುವವರಿಗೆ ದಾರಿ ಇದೇ. ನಮ್ಮ ರಾಜ್ಯದ್ದೇ ಆದ ಕರ್ನಾಟಕ ರಾಜ್ಯ ಬೀಜ ಮತ್ತು ಸಾವಯವ ಪ್ರಮಾಣನ ಸಂಸ್ಥೆಯೂ ಈ ವ್ಯವಸ್ಥೆಯಡಿ ಪ್ರಮಾಣಪತ್ರ ಕೊಡುತ್ತದೆ.

ಇನ್ನೊಂದು, ಪಿಜಿಎಸ್. ಸಹಭಾಗಿತ್ವದ ಖಾತರಿ ವ್ಯವಸ್ಥೆ ಎನ್ನಬಹುದು. ಇದು ಕೃಷಿ ಸಚಿವಾಲಯದ್ದು. ಪಿಜಿಎಸ್-ಇಂಡಿಯಾ ಎಂಬ ಹೆಸರಿನಲ್ಲಿ 2011ರಲ್ಲಿ ಶುರುವಾಗಿ, 2015ರಲ್ಲಿ ಬಂದ ಪರಂಪರಾಗತ್ ಕೃಷಿ ವಿಕಾಸ್ ಯೋಜನೆಯಿಂದ ಹಬ್ಬಿತು. ಇಲ್ಲಿ ಹೊರಗಿನ ಇನ್‌ಸ್ಪೆಕ್ಟರ್ ಜಾಗದಲ್ಲಿ ಪಕ್ಕದ ಹೊಲದವರೇ ಇರುತ್ತಾರೆ.

ಪಕ್ಕದವರು ನೋಡಿದರೆ ಅದೆಂಥ ಗ್ಯಾರಂಟಿ?

ಕೇಳಿದ ತಕ್ಷಣ ಯಾರಿಗಾದರೂ ನಗು ಬರುತ್ತದೆ. 'ನೀನು ನನ್ನ ಬೆನ್ನು ತಟ್ಟು, ನಾನು ನಿನ್ನ ಬೆನ್ನು ತಟ್ಟುತ್ತೇನೆ' ಎಂಬಂತಾಗುವುದಿಲ್ಲವೇ? ಅನುಮಾನ ಸರಿಯಾದದ್ದೇ. ಉತ್ತರ ಸಿಗಬೇಕಾದರೆ ಒಮ್ಮೆ ಕಂಪ್ಲಿ ಕಡೆಯ ಗದ್ದೆಗೆ ಇಳಿಯಬೇಕು.

ತುಂಗಭದ್ರೆಯ ಬಲದಂಡೆಯ ಈ ಪಟ್ಟಿಯಲ್ಲಿ, ಹೊಸಪೇಟೆಯಿಂದ ಕಮಲಾಪುರ, ಬುಕ್ಕಸಾಗರ ದಾಟಿ ಕಂಪ್ಲಿಯವರೆಗೆ, ಭತ್ತ, ಕಬ್ಬು, ಬಾಳೆ ಎಲ್ಲವೂ ಕಾಲುವೆ ನೀರನ್ನೇ ನಂಬಿವೆ. ಹಂಪಿ ಸುತ್ತ ವಿಜಯನಗರ ಕಾಲದ ಕಾಲುವೆಗಳಲ್ಲಿ ಈಗಲೂ ನೀರು ಹರಿಯುತ್ತದೆ. ಭತ್ತದ ಗದ್ದೆಯಲ್ಲಿ ನೀರು ಮಡಿಯಿಂದ ಮಡಿಗೆ ಇಳಿಯುತ್ತದೆ. ಮೇಲಿನ ಗದ್ದೆಯವರು ಗೊಬ್ಬರ ಎರಚಿ, ಕಂದು ಜಿಗಿಹುಳಕ್ಕೆಂದು ಎಣ್ಣೆ ಹೊಡೆದರೆ ಅದರ ಪಾಲು ಕೆಳಗಿನ ಗದ್ದೆಗೂ ಬರುತ್ತದೆ. ಕೆಳಗಿನವರು ಎಷ್ಟೇ ನಿಷ್ಠೆಯಿಂದ ಜೀವಾಮೃತ ಹಾಕಿದ್ದರೂ ಅಷ್ಟೆ. ಅದಕ್ಕೇ ಎರಡೂ ವ್ಯವಸ್ಥೆಗಳು ರಾಸಾಯನಿಕ ಬಳಸುವ ಹೊಲದ ಪಕ್ಕ ಅಂತರ ಬಿಡಿ, ನೀರು ನುಗ್ಗದಂತೆ ಬದು ಕಟ್ಟಿ ಎನ್ನುತ್ತವೆ.

ಈಗ ಯೋಚಿಸಿ. ಬೆಂಗಳೂರಿನಿಂದ ಒಂದು ದಿನದ ಮಟ್ಟಿಗೆ ಬಂದ ಇನ್‌ಸ್ಪೆಕ್ಟರ್‌ಗೆ ಬದು ಕಾಣುತ್ತದೆ, ರಿಜಿಸ್ಟರ್ ಕಾಣುತ್ತದೆ. ಹೋದ ತಿಂಗಳು ಅಮಾವಾಸ್ಯೆ ಮುಗಿದ ಮೇಲೆ ಯಾರ ಗದ್ದೆಯಲ್ಲಿ ಪಂಪು ಸದ್ದು ಮಾಡಿತು, ಯಾರು ಅಂಗಡಿಯಿಂದ ಯೂರಿಯಾ ಚೀಲ ಹೊತ್ತು ತಂದರು, ಯಾವ ತೂಬು ರಾತ್ರಿ ತೆರೆದಿತ್ತು? ಇವೆಲ್ಲ ಗೊತ್ತಿರುವುದು ಪಕ್ಕದ ಗದ್ದೆಯವರಿಗೆ. ಅವರ ಕಣ್ಣು ತಪ್ಪಿಸುವುದು ಕಷ್ಟ. ರೈತರ ಸಂಘ ಕೊಡುವ ಖಾತರಿಯ ಬಲ ಇರುವುದು ಇಲ್ಲಿ.

ನೋಡಿದವರು ಬಾಯಿ ಬಿಡಬೇಕಲ್ಲ? ಪಿಜಿಎಸ್ ನಿಯಮಗಳು ಅಲ್ಲೇ ಕೈ ಹಾಕುತ್ತವೆ. ಒಂದೇ ಊರಿನ ಅಥವಾ ಅಕ್ಕಪಕ್ಕದ ಊರುಗಳ ಕನಿಷ್ಠ 5 ರೈತರು ಸೇರಿ ಗುಂಪು ಕಟ್ಟಬೇಕು. ಎಲ್ಲರೂ ನಿಯಮ ಪಾಲಿಸುವುದಾಗಿ ಬರೆದು ಸಹಿ ಹಾಕಬೇಕು. ಒಂದು ಎಕರೆ ಸಾವಯವ, ಉಳಿದ ನಾಲ್ಕು ಎಕರೆಗೆ ಎಣ್ಣೆ ಎಂದು ಕಾಯಂ ಇಟ್ಟುಕೊಳ್ಳುವಂತಿಲ್ಲ, ಇಡೀ ಹಿಡುವಳಿಯನ್ನೇ ಬದಲಾಯಿಸಬೇಕು. ಸದಸ್ಯರು ಒಬ್ಬರ ಹೊಲಕ್ಕೆ ಇನ್ನೊಬ್ಬರು ಹೋಗಿ ನೋಡಿ ವರದಿ ಬರೆಯುತ್ತಾರೆ, ಗುಂಪು ಕೂತು ತೀರ್ಮಾನಿಸುತ್ತದೆ. ಆ ತೀರ್ಮಾನ ಪ್ರಾದೇಶಿಕ ಮಂಡಳಿಗೆ ಹೋಗುತ್ತದೆ. ಮಂಡಳಿ ಅದನ್ನು ಇಡಿಯಾಗಿ ಒಪ್ಪುತ್ತದೆ, ಇಲ್ಲವೇ ಇಡಿಯಾಗಿ ತಿರಸ್ಕರಿಸುತ್ತದೆ. ಅಂದರೆ ಒಬ್ಬರ ಕಳ್ಳಾಟ ಮುಚ್ಚಿಟ್ಟರೆ ಉಳಿದವರ ಎರಡು ಮೂರು ವರ್ಷದ ಬೆವರೂ ನೀರು ಪಾಲು. ಗೆಳೆತನಕ್ಕಿಂತ ಈ ಹೆದರಿಕೆ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನನ್ನ ಅಂದಾಜು.

ಇದೇನೂ ಇತ್ತೀಚಿನ ಜುಗಾಡ್ ಅಲ್ಲ. ಸಾವಯವ ಪ್ರಮಾಣೀಕರಣ ಹುಟ್ಟಿದ್ದೇ ರೈತ ಸಂಘಗಳಲ್ಲಿ. 1970ರ ದಶಕದಲ್ಲಿ ಫ್ರಾನ್ಸಿನ 'ನೇಚರ್ ಎ ಪ್ರೋಗ್ರೆ' ಸಂಘದವರು, 1973ರಲ್ಲಿ ಸಂಘ ಕಟ್ಟಿದ ಕ್ಯಾಲಿಫೋರ್ನಿಯಾದ ರೈತರು ಒಬ್ಬರ ತೋಟಕ್ಕೆ ಇನ್ನೊಬ್ಬರು ಹೋಗಿ ನೋಡಿಯೇ ಒಪ್ಪಿಗೆ ಕೊಡುತ್ತಿದ್ದರು. ವ್ಯಾಪಾರ ಗಡಿ ದಾಟಿ ಬೆಳೆದ ಮೇಲೆ, 1991ರಲ್ಲಿ ಯುರೋಪಿನ ಕಾನೂನು ಬಂದ ಮೇಲೆ, ಮೂರನೆಯವರ ತಪಾಸಣೆ ಮುಖ್ಯವಾಯಿತು. ಜರ್ಮನಿಯಲ್ಲಿ ಕೂತ ಗಿರಾಕಿಗೆ ಕಂಪ್ಲಿಯ ನೆರೆಹೊರೆಯವರ ಮಾತು ಸಾಲುವುದಿಲ್ಲ, ಅದು ಸಹಜ.

ಹಾಗಂತ ಮೂರನೆಯವರ ಮುದ್ರೆ ತಪ್ಪೇ ಆಗದ್ದಲ್ಲ. ಅಲ್ಲಿ ಇನ್‌ಸ್ಪೆಕ್ಟರ್ ಸಂಸ್ಥೆಗೆ ಫೀಸು ಕೊಡುವವರು ಯಾರ ತಪಾಸಣೆ ನಡೆಯುತ್ತಿದೆಯೋ ಅವರೇ. 2021ರ ಜನವರಿಯಲ್ಲಿ ಅಮೆರಿಕದ ಕೃಷಿ ಇಲಾಖೆ ಭಾರತದ ಸಾವಯವ ವ್ಯವಸ್ಥೆಗೆ ಕೊಟ್ಟಿದ್ದ ಮಾನ್ಯತೆಯ ಒಪ್ಪಂದವನ್ನು ಕೊನೆಗೊಳಿಸಿತು. ಅದೇ ವರ್ಷ ಎಳ್ಳಿನಲ್ಲಿ ಎಥಿಲೀನ್ ಆಕ್ಸೈಡ್ ಸಿಕ್ಕ ಪ್ರಕರಣದ ನಂತರ ಯುರೋಪ್ ಒಕ್ಕೂಟ ಇಲ್ಲಿ ಕೆಲಸ ಮಾಡುವ 5 ಪ್ರಮಾಣನ ಸಂಸ್ಥೆಗಳನ್ನು ತನ್ನ ಪಟ್ಟಿಯಿಂದ ಕೈಬಿಟ್ಟಿತು.

ಇನ್ನೊಂದು ಸಂಗತಿ ಗಿರಾಕಿಗಳ ಕಣ್ಣಿಗೆ ಬೀಳುವುದೇ ಇಲ್ಲ: ಪ್ರಮಾಣಪತ್ರ ಯಾರ ಹೆಸರಿನಲ್ಲಿದೆ? ಎನ್‌ಪಿಒಪಿಯಲ್ಲಿ 25ರಿಂದ 500 ರೈತರು ಗುಂಪಾಗಿ ಪ್ರಮಾಣಪತ್ರ ಪಡೆಯಬಹುದಿತ್ತು. ಎಷ್ಟೋ ಕಡೆ ಅದರ ಖರ್ಚು ಕೊಟ್ಟು ಕಾಗದವನ್ನು ಕೈಯಲ್ಲಿ ಇಟ್ಟುಕೊಂಡದ್ದು ಮಾಲು ಕೊಳ್ಳುವ ಕಂಪನಿ. ಅಂಥಲ್ಲಿ ರೈತ ಬೇರೆ ವ್ಯಾಪಾರಿಗೆ ಮಾರಿದರೆ ಅದೇ ಭತ್ತ ಮಾಮೂಲಿ ಭತ್ತವಾಗಿ, ಮಾಮೂಲಿ ದರಕ್ಕೇ ಹೋಗುತ್ತದೆ. 2025ರ ಜನವರಿಯಲ್ಲಿ ಬಂದ 8ನೇ ಆವೃತ್ತಿಯ ನಿಯಮಗಳು ರೈತ ಗುಂಪಿಗೇ ಕಾನೂನುಬದ್ಧ ಅಸ್ತಿತ್ವ ಇರಬೇಕು ಎಂದಿವೆ, ಒಳ್ಳೆಯದಾಯಿತು. ಪಿಜಿಎಸ್‌ನಲ್ಲಿ ಮೊದಲಿನಿಂದಲೂ ಪ್ರಮಾಣಪತ್ರ ರೈತರ ಗುಂಪಿನದ್ದೇ.

ಪಿಜಿಎಸ್‌ಗೂ ಮಿತಿ ಇದೆ. ರಫ್ತಿಗೆ ಅದು ನಡೆಯುವುದಿಲ್ಲ. ಗುಂಪಿನಲ್ಲಿ ಊರ ದೊಡ್ಡವರೊಬ್ಬರು ಇದ್ದು, ಉಳಿದವರು ಅವರ ಸಾಲದಲ್ಲೋ ಹಂಗಿನಲ್ಲೋ ಇದ್ದರೆ ಅವರ ಹೊಲದ ಬಗ್ಗೆ ವರದಿ ಬರೆಯುವ ಧೈರ್ಯ ಯಾರಿಗಿದ್ದೀತು? ಯೋಜನೆಯ ದುಡ್ಡು ಬರುವ ಮೂರು ವರ್ಷ ಮಾತ್ರ ಉಸಿರಾಡಿ ನಿಲ್ಲುವ ಗುಂಪುಗಳೂ ಇರುತ್ತವೆ. ಸಂಘ ಜೀವಂತ ಇದ್ದರೆ ಮಾತ್ರ ಅದರ ಮಾತಿಗೆ ಬೆಲೆ.

ಪಾಕೆಟ್ ಕೈಗೆ ಬಂದಾಗ

ಎಫ್‌ಎಸ್‌ಎಸ್‌ಎಐ 2017ರಲ್ಲಿ ಮಾಡಿದ ಸಾವಯವ ಆಹಾರ ನಿಯಮಗಳ ಪ್ರಕಾರ, ಅಂಗಡಿಯಲ್ಲಿ 'ಸಾವಯವ' ಎಂದು ಮಾರುವ ಪಾಕೆಟ್ ಈ ಎರಡರಲ್ಲಿ ಒಂದು ವ್ಯವಸ್ಥೆಯಡಿ ಇರಬೇಕು. 'ಜೈವಿಕ್ ಭಾರತ್' ಲೋಗೊ ನೋಡಿ. ಅದರ ಜೊತೆಗೆ ಎನ್‌ಪಿಒಪಿಯದಾದರೆ 'ಇಂಡಿಯಾ ಆರ್ಗ್ಯಾನಿಕ್' ಗುರುತು, ಇನ್ನೊಂದಾದರೆ ಪಿಜಿಎಸ್ ಗುರುತು ಇರುತ್ತದೆ. 'ಪಿಜಿಎಸ್-ಗ್ರೀನ್' ಎಂದಿದ್ದರೆ ಹೊಲ ಇನ್ನೂ ಪರಿವರ್ತನೆಯಲ್ಲಿದೆ ಎಂದರ್ಥ, ಪೂರ್ತಿಯಾದದ್ದು 'ಪಿಜಿಎಸ್-ಆರ್ಗ್ಯಾನಿಕ್'. ಎರಡಕ್ಕೂ ಒಂದೇ ದರ ಹೇಳಿದರೆ ಅಂಗಡಿಯವರನ್ನು ಕೇಳಿ.

ಕಂಪ್ಲಿ ಸಂತೆಯಲ್ಲೋ ಹೊಲದ ಹತ್ತಿರವೋ ರೈತರೇ ನೇರವಾಗಿ ಮಾರುತ್ತಿದ್ದರೆ ಲೆಕ್ಕ ಬೇರೆ. ವರ್ಷಕ್ಕೆ 12 ಲಕ್ಷ ರೂಪಾಯಿ ವಹಿವಾಟು ಮೀರದ ಸಣ್ಣ ಬೆಳೆಗಾರರು ಗಿರಾಕಿಗೆ ನೇರವಾಗಿ ಮಾರುವಾಗ ಪ್ರಮಾಣಪತ್ರ ಕಡ್ಡಾಯವಲ್ಲ. ಆದರೆ ಅವರು ಜೈವಿಕ್ ಭಾರತ್ ಲೋಗೊ ಹಾಕುವಂತಿಲ್ಲ. ಆದ್ದರಿಂದ ಲೋಗೊ ಇಲ್ಲದ ರೈತಮ್ಮನನ್ನು 'ಮೋಸ' ಎಂದು ವಿಡಿಯೊ ಮಾಡಿ ಹಾಕಬೇಡಿ. 'ಅಮ್ಮಾ, ನೀರು ಯಾರ ಗದ್ದೆಯಿಂದ ಬರ್ತದ?' ಎಂದು ಕೇಳಿ ನೋಡಿ. ನಿಜವಾಗಿ ಮಾಡುವವರ ಹತ್ತಿರ ಈ ಪ್ರಶ್ನೆಗೆ ಉದ್ದದ ಉತ್ತರ ಇರುತ್ತದೆ.

ಆರೋಗ್ಯದ ಬಗ್ಗೆ ಒಂದು ಮಾತು. ಯಾವ ಲೋಗೊವೂ ಕಾಯಿಲೆ ವಾಸಿಯಾಗುತ್ತದೆ ಎಂದು ಹೇಳುವುದಿಲ್ಲ. ಶುಗರ್ ಇರುವವರಿಗೆ ಸಾವಯವ ಸೋನಾ ಮಸೂರಿಯೂ ಬಿಳಿ ಅಕ್ಕಿಯೇ, ಅಳತೆ ಮಾಡಿಯೇ ಉಣ್ಣಬೇಕು.

ಪಾಕೆಟ್ ಮೇಲೆ ಬರೀ ಲೋಗೊ ಇದ್ದು ಪ್ರಮಾಣಪತ್ರದ ವಿವರವಾಗಲಿ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರಾಗಲಿ ಇಲ್ಲದಿದ್ದರೆ ಹಿಂದು ಮುಂದು ಎರಡೂ ಕಡೆ ಫೋಟೊ ತೆಗೆದುಕೊಂಡು, ಬಿಲ್ಲು ಜೋಪಾನ ಇಟ್ಟುಕೊಳ್ಳಿ. ಎಫ್‌ಎಸ್‌ಎಸ್‌ಎಐನ 'ಫುಡ್ ಸೇಫ್ಟಿ ಕನೆಕ್ಟ್' ಆ್ಯಪ್‌ನಲ್ಲಿ ದೂರು ಹಾಕುವಾಗ ಅವು ಬೇಕಾಗುತ್ತವೆ.