ಎಕ್ಸ್‌ಎಂಎಲ್‌ನಿಂದ ಕೈಪಿಡಿ ಪುಟಕ್ಕೆ: ವಿಶೇಷ ಅಕ್ಷರಗಳ ಪರಿವರ್ತನೆಯ ಸ್ವರೂಪ

ಪಠ್ಯವೊಂದು ಒಂದು ಸಂಕೇತವ್ಯವಸ್ಥೆಯಿಂದ ಮತ್ತೊಂದಕ್ಕೆ ಸಾಗುವಾಗ ಅದರ ಅಕ್ಷರಗಳಿಗೆ ಏನಾಗುತ್ತದೆ ಎಂಬುದು ಗ್ರಂಥಸಂಪಾದನೆಯಲ್ಲಿ ಹೊಸ ಪ್ರಶ್ನೆಯೇನಲ್ಲ. ಓಲೆಗರಿಯಿಂದ ಕಾಗದಕ್ಕೆ ನಕಲಾಗುವಾಗ ಲಿಪಿಕಾರನ ಕೈಯಲ್ಲಿ ಆಗುತ್ತಿದ್ದುದು ಗಣಕದಲ್ಲಿ ಪರಿವರ್ತನ ಸೂತ್ರಗಳ ಕೈಯಲ್ಲಿ ಆಗುತ್ತದೆ. ವ್ಯತ್ಯಾಸವಿಷ್ಟೆ: ಲಿಪಿಕಾರನ ಸ್ಖಾಲಿತ್ಯ ಒಂದು ಪ್ರತಿಗೆ ಸೀಮಿತವಾದರೆ, ಸೂತ್ರದ ಸ್ಖಾಲಿತ್ಯ ಎಲ್ಲ ಪ್ರತಿಗಳಲ್ಲಿಯೂ ಒಂದೇ ಸಮನೆ ಮೂಡುತ್ತದೆ. ಯುನಿಕ್ಸ್ ವರ್ಗದ ವ್ಯವಸ್ಥೆಗಳ ಕೈಪಿಡಿ ಪುಟಗಳನ್ನು ಎಕ್ಸ್‌ಎಂಎಲ್ ಮೂಲದಿಂದ ಸಿದ್ಧಪಡಿಸುವ ಕ್ರಮ ಇದಕ್ಕೆ ಸ್ಪಷ್ಟವಾದ ನಿದರ್ಶನ.

ಯುನಿಕ್ಸ್ ಕೈಪಿಡಿಯ ಮೊದಲ ಆವೃತ್ತಿ ಹೊರಬಂದುದು 1971ರ ನವೆಂಬರಿನಲ್ಲಿ. ಅಂದಿನಿಂದಲೂ ಈ ಪುಟಗಳ ಭಾಷೆ ‘ರಾಫ್’ ಕುಟುಂಬದ ಅಚ್ಚುಸಂಕೇತಗಳೇ ಆಗಿವೆ. 1991ರಲ್ಲಿ ಆರಂಭವಾದ ಡಾಕ್‌ಬುಕ್ ಯೋಜನೆಯ ಒಂದು ಮುಖ್ಯ ಉದ್ದೇಶ ಯುನಿಕ್ಸ್ ದಾಖಲೆಗಳ ವಿನಿಮಯವಾಗಿತ್ತು. ಅಂದರೆ ಡಾಕ್‌ಬುಕ್ ಕಡತದಿಂದ ಕೈಪಿಡಿ ಪುಟವನ್ನು ಪಡೆಯುವುದು ಒಂದರ್ಥದಲ್ಲಿ ಪಠ್ಯವನ್ನು ತವರಿಗೆ ಕಳುಹಿಸಿದಂತೆ. ಇಂದು ಬಹುಮಟ್ಟಿಗೆ ಬಳಕೆಯಲ್ಲಿರುವ ರಾಫ್ ರೂಪವಾದ ‘ಗ್ರಾಫ್’ ತಂತ್ರಾಂಶವನ್ನು ಬರೆದ ಜೇಮ್ಸ್ ಕ್ಲಾರ್ಕ್ ಅವರೇ, 1999ರಲ್ಲಿ ಪ್ರಕಟವಾದ ಎಕ್ಸ್‌ಎಸ್‌ಎಲ್‌ಟಿ ಪರಿವರ್ತನ ಭಾಷೆಯ ಮೊದಲ ಆವೃತ್ತಿಯ ಸಂಪಾದಕರೂ ಹೌದು. ದಾರಿಯ ಎರಡು ತುದಿಗಳಲ್ಲಿಯೂ ಒಬ್ಬರೇ ನಿಂತಿದ್ದರೂ ನಡುವಿನ ಪ್ರಯಾಣ ಸುಗಮವಾಗಿಲ್ಲ.

ಎಕ್ಸ್‌ಎಂಎಲ್‌ನಲ್ಲಿ ಚುಕ್ಕೆ ಕೇವಲ ಚುಕ್ಕೆ. ರಾಫ್‌ನಲ್ಲಿ ಸಾಲಿನ ಆರಂಭದಲ್ಲಿ ಬರುವ ಚುಕ್ಕೆ ಅಥವಾ ಒಂಟಿ ಉದ್ಧರಣ ಚಿಹ್ನೆ ಒಂದು ಆದೇಶ. ಚುಕ್ಕೆಯಿಂದ ಮೊದಲಾಗುವ ಗುಪ್ತ ಕಡತದ ಹೆಸರೊಂದು ಸಾಲಿನ ಮೊದಲಿಗೆ ಬಂದರೆ ಗ್ರಾಫ್ ಅದನ್ನು ತನಗೆ ತಿಳಿಯದ ಆದೇಶವೆಂದು ಭಾವಿಸಿ ಆ ಇಡೀ ಸಾಲನ್ನು ಸದ್ದಿಲ್ಲದೆ ಬಿಟ್ಟುಬಿಡಬಹುದು. ಓದುಗನಿಗೆ ಅಲ್ಲೊಂದು ಸಾಲಿತ್ತು ಎಂಬುದೇ ತಿಳಿಯುವುದಿಲ್ಲ. ಈ ಲೋಪವನ್ನು ತಡೆಯಲೆಂದೇ ಡಾಕ್‌ಬುಕ್‌ನ ಪರಿವರ್ತನ ಸೂತ್ರಗಳು ಪ್ರತಿಯೊಂದು ಚುಕ್ಕೆಯನ್ನೂ ‘\&.’ ಎಂದು ಬದಲಿಸುತ್ತವೆ. ಹೀಗೆ ತಯಾರಾದ ಪುಟದ ಮೂಲವನ್ನು ತೆರೆದು ನೋಡಿದವರಿಗೆ ಅದು ಕಣ್ಣಿಗೆ ಹಿತವೆನಿಸದು. ಆದರೆ ಸಾಲು ಕಳೆದುಹೋಗುವುದಕ್ಕಿಂತ ಇದು ಮೇಲು.

ಅಡ್ಡಗೆರೆಯ ಸಮಸ್ಯೆ ಇನ್ನೂ ಸೂಕ್ಷ್ಮವಾದುದು. ಕೀಲಿಮಣೆಯಲ್ಲಿರುವ ಅಡ್ಡಗೆರೆ ಯುನಿಕೋಡ್‌ನ 45ನೆಯ ಸಂಕೇತ. ಸಮಾಸಪದಗಳ ನಡುವೆ ಬರುವ ನಿಜವಾದ ಸಂಯೋಜಕ ಚಿಹ್ನೆ 8208ನೆಯದು. ಕಣ್ಣಿಗೆ ಎರಡೂ ಒಂದೇ. ಆದರೆ ಕೈಪಿಡಿಯಿಂದ ಆದೇಶವೊಂದನ್ನು ನಕಲು ಮಾಡಿ ಚಲಾಯಿಸುವವನಿಗೆ 8208ನೆಯ ಚಿಹ್ನೆ ದೊರೆತರೆ ಆ ಆದೇಶ ನಡೆಯುವುದಿಲ್ಲ. ತಪ್ಪೆಲ್ಲಿದೆ ಎಂದು ಕಂಡುಹಿಡಿಯುವುದೂ ಸುಲಭವಲ್ಲ. 2023ರಲ್ಲಿ ಬಂದ ಗ್ರಾಫ್‌ನ 1.23ನೆಯ ಆವೃತ್ತಿ, ಯುನಿಕೋಡ್ ತೆರೆಗಳಲ್ಲಿ ಸಾದಾ ಅಡ್ಡಗೆರೆಯನ್ನು ಸಂಯೋಜಕವೆಂದೇ ಮೂಡಿಸತೊಡಗಿದಾಗ ಈ ಭೇದ ಚರ್ಚೆಗೆ ಬಂದಿತು. ಡೆಬಿಯನ್ ಹಳೆಯ ನಡತೆಯನ್ನೇ ಉಳಿಸಿಕೊಂಡಿತು. ಡಾಕ್‌ಬುಕ್ ಸೂತ್ರಗಳು ಎಲ್ಲ ಅಡ್ಡಗೆರೆಗಳನ್ನೂ ‘\-’ ಎಂದು ಬರೆಯುವುದರಿಂದ ಆದೇಶಗಳು ಸುರಕ್ಷಿತ. ಸಮಾಸಪದದ ಅಡ್ಡಗೆರೆಯೂ ಋಣಚಿಹ್ನೆಯಾಗುವುದು ಅದಕ್ಕೆ ತೆರುವ ಬೆಲೆ.

ಈ ಬದಲಾವಣೆಗಳು ಎರಡು ಹಂತಗಳಲ್ಲಿ ನಡೆಯುತ್ತವೆ. ಮೇಲೆ ಹೇಳಿದ ಚುಕ್ಕೆ, ಅಡ್ಡಗೆರೆ ಮೊದಲಾದವು ‘ಮ್ಯಾನ್.ಸ್ಟ್ರಿಂಗ್.ಸಬ್ಸ್ಟ್.ಮ್ಯಾಪ್’ ಎಂಬ ನಿಯತಾಂಕಕ್ಕೆ ಸೇರಿವೆ. ಆ ಬಳಿಕ ಬರುವುದು ಅಕ್ಷರನಕ್ಷೆ: ಹಕ್ಕುಸ್ವಾಮ್ಯ ಚಿಹ್ನೆ, ಉದ್ದಗೆರೆ, ಬಾಗಿದ ಉದ್ಧರಣ ಚಿಹ್ನೆ ಮುಂತಾದವುಗಳಿಗೆ ರಾಫ್‌ನ ಸಂಕೇತಗಳನ್ನು ಜೋಡಿಸಿಕೊಡುವ ಪಟ್ಟಿ. (ಅಕ್ಷರನಕ್ಷೆ ಎಂಬ ಪರಿಕಲ್ಪನೆ 2007ರ ಎಕ್ಸ್‌ಎಸ್‌ಎಲ್‌ಟಿ ಎರಡನೆಯ ಆವೃತ್ತಿಯದು, ಡಾಕ್‌ಬುಕ್‌ನ ಈ ಸೂತ್ರಗಳು ಮೊದಲ ಆವೃತ್ತಿಯಲ್ಲಿದ್ದುಕೊಂಡೇ ಅದನ್ನು ಎರವಲು ಪಡೆದಿವೆ.) ‘ಮ್ಯಾನ್.ಚಾರ್‌ಮ್ಯಾಪ್.ಎನೇಬಲ್ಡ್’ ನಿಯತಾಂಕಕ್ಕೆ ಸೊನ್ನೆ ಕೊಟ್ಟರೆ ನಕ್ಷೆ ನಿಂತುಹೋಗಿ ಅಕ್ಷರಗಳು ಇದ್ದಂತೆಯೇ ಹೊರಬರುತ್ತವೆ. ‘ಮ್ಯಾನ್.ಚಾರ್‌ಮ್ಯಾಪ್.ಯುಆರ್‌ಐ’ ಮೂಲಕ ಬೇರೊಂದು ನಕ್ಷೆಯನ್ನೇ ಸೂಚಿಸಲೂ ಅವಕಾಶವಿದೆ. ಪೂರ್ಣ ನಕ್ಷೆ ದೊಡ್ಡದಾದುದರಿಂದ, ಸಮಯ ಉಳಿಸಲು ಸಾಮಾನ್ಯವಾಗಿ ಅದರ ಉಪಗಣವೊಂದನ್ನು ಮಾತ್ರ ಬಳಸಲಾಗುತ್ತದೆ.

ಕನ್ನಡದ ದೃಷ್ಟಿಯಿಂದ ಗಮನಿಸಬೇಕಾದುದು ಈ ಉಪಗಣವನ್ನೇ. ಮೂಲ ಕಡತದ ಭಾಷೆ ಇಂಗ್ಲಿಷ್ ಆಗಿದ್ದರೆ, ಅಥವಾ ಭಾಷೆಯನ್ನೇ ನಮೂದಿಸದಿದ್ದರೆ, ಒಂದು ಉಪಗಣ. ಬೇರೆ ಯಾವುದೇ ಭಾಷೆಯಾದರೆ ಇನ್ನೊಂದು. ಈ ಎರಡನೆಯದರಲ್ಲಿ ಹೆಚ್ಚಾಗಿರುವುದು ಪಶ್ಚಿಮ ಯೂರೋಪಿನ ಅಕ್ಷರಗಳು. ‘ಇಂಗ್ಲಿಷೇತರ’ ಎಂಬ ಮಾತಿಗೆ ಇಲ್ಲಿರುವ ಅರ್ಥವ್ಯಾಪ್ತಿ ಅಷ್ಟೇ. ಕನ್ನಡ ಕಡತದ ಅಕ್ಷರಗಳು ಯಾವ ಸ್ಪರ್ಶವೂ ಇಲ್ಲದೆ ದಾಟಿಹೋಗುತ್ತವೆ. ಇದು ಅವಜ್ಞೆಯಾದರೂ ಅನುಕೂಲವೇ ಆಗಿದೆ, ಏಕೆಂದರೆ ಹೊರಹರಿವಿನ ಸಂಕೇತ ಯುಟಿಎಫ್-8 ಆಗಿದ್ದರೆ ಸಾಕು, 2009ರ 1.20ನೆಯ ಆವೃತ್ತಿಯಲ್ಲಿ ಗ್ರಾಫ್‌ಗೆ ಸೇರಿದ ‘ಪ್ರೀಕಾನ್ವ್’ ಉಳಿದ ಕೆಲಸವನ್ನು ನೋಡಿಕೊಳ್ಳುತ್ತದೆ.

ತೊಡಕು ಉಂಟಾಗುವುದು ಸ್ವಂತ ಸೂತ್ರಗಳನ್ನು ಸೇರಿಸುವಾಗ. ಮುದ್ರಿತ ಸೂತ್ರಗಳನ್ನು ತಿದ್ದದೆ, ಅವುಗಳನ್ನು ಆಮದು ಮಾಡಿಕೊಳ್ಳುವ ಪ್ರತ್ಯೇಕ ಕಡತದಲ್ಲಿ ಇವನ್ನು ಬರೆಯುವುದು ವಾಡಿಕೆ. ಇದಕ್ಕೆ ‘ಲೋಕಲ್.ಪ್ರೀ’, ‘ಲೋಕಲ್.ಪೋಸ್ಟ್’ ಎಂದು ಎರಡು ಸ್ಥಾನಗಳಿವೆ. ಮೊದಲನೆಯದು ಮುಖ್ಯ ಬದಲಾವಣೆಗಳಿಗಿಂತ ಮುಂಚೆ, ಎರಡನೆಯದು ಅವುಗಳ ನಂತರ. 2010ರಲ್ಲಿ ಅಂಗೀಕೃತವಾದ ರೂಪಾಯಿ ಚಿಹ್ನೆ ಹಳೆಯ ತೆರೆಗಳಲ್ಲಿ ಮೂಡದೆಂದು ಅದನ್ನು ‘ರೂ.’ ಎಂದು ಬದಲಿಸುವುದಾದರೆ ಮೊದಲ ಸ್ಥಾನವೇ ಸರಿ, ಆಗ ಅದರ ಚುಕ್ಕೆಗೂ ರಕ್ಷಣೆ ದೊರೆಯುತ್ತದೆ. ರಾಫ್ ಸಂಕೇತವನ್ನೇ ಇಡುವುದಾದರೆ ಎರಡನೆಯ ಸ್ಥಾನ ಬೇಕು. ಇಲ್ಲವಾದರೆ ಅದರ ಬ್ಯಾಕ್‌ಸ್ಲ್ಯಾಶ್ ಕೂಡ ಬದಲಾಗಿ, ಸಂಕೇತವೇ ಪಠ್ಯವಾಗಿ ಪುಟದಲ್ಲಿ ಕಾಣಿಸಿಕೊಳ್ಳುತ್ತದೆ.

ಸೂತ್ರಗಳು ಹೋಲಿಸುವುದು ಸಂಕೇತಸಂಖ್ಯೆಯನ್ನು, ರೂಪವನ್ನಲ್ಲ. ‘ಕೋ’ ಎಂಬ ಅಕ್ಷರವನ್ನು 3221, 3275 ಎಂಬ ಎರಡು ಸಂಕೇತಗಳಲ್ಲಿ ಬರೆಯಬಹುದು. 3221, 3270, 3266, 3285 ಎಂದು ನಾಲ್ಕಾಗಿಯೂ ಬರೆಯಬಹುದು. ಒಂದನ್ನು ಹುಡುಕುವ ಸೂತ್ರಕ್ಕೆ ಇನ್ನೊಂದು ಸಿಗುವುದಿಲ್ಲ. ಆದ್ದರಿಂದ ಪರಿವರ್ತನೆಗೆ ಮೊದಲೇ ಮೂಲವನ್ನು ಏಕರೂಪಕ್ಕೆ ತರುವುದು ಅಗತ್ಯ. ಇದಕ್ಕಿಂತ ಹೆಚ್ಚಿನ ಹಾನಿ ಮಾಡುವುದು ಕಾಣದ ಅಕ್ಷರಗಳನ್ನೆಲ್ಲ ಅಳಿಸಿಹಾಕುವ ‘ಶುದ್ಧೀಕರಣ’ದ ಸೂತ್ರ. ಇಂಗ್ಲಿಷ್ ಪಠ್ಯದಲ್ಲಿ ಇದರಿಂದ ಬಾಧಕವಿಲ್ಲ. ಕನ್ನಡದಲ್ಲಿ 8204ನೆಯ ಸಂಕೇತ, ಅಂದರೆ ಒತ್ತಕ್ಷರವಾಗದಂತೆ ತಡೆಯುವ ಶೂನ್ಯ ಅಗಲದ ಅಕ್ಷರ, ಅಳಿದರೆ ‘ಡಾಕ್‌ಬುಕ್’ ಎಂಬುದು ‘ಡಾಕ್ಬುಕ್’ ಆಗುತ್ತದೆ. ಇಂತಹ ಸೂತ್ರವನ್ನು ಬೇರೆ ಯೋಜನೆಯಿಂದ ಎರವಲು ತರುವವರು ಅದರಲ್ಲಿ 8204 ಮತ್ತು 8205 ಇವೆಯೇ ಎಂದು ನೋಡಿ, ಇದ್ದರೆ ತೆಗೆದುಹಾಕಿ, ಅನಂತರವೇ ಬಳಸತಕ್ಕದ್ದು.